ಒಂದೂವರೆ ಅಡಿಯ ಗೆರೆಯಕ್ಕ

ಬೆಳಗಿನ ಜಾವ ಐದೂವರೆ. ನ್ಯಾಯಾಲಯದ ಎದುರಿನ ರಸ್ತೆಯಲ್ಲಿ ಗೆರೆಯಕ್ಕ ಮಂಡಿಯೂರಿ ಸುಣ್ಣದ ಗೆರೆ ಎಳೆದು ಚೌಕಟ್ಟು ಹಾಕುತ್ತಿದ್ದಾರೆ. ಉದ್ದ ಆರಡಿ, ಅಗಲ ಒಂದೂವರೆ ಅಡಿ. ಮೊಬೈಲಿನಲ್ಲಿ ವಿಡಿಯೊ ಮಾಡುವುದು ಅವರ ಅತ್ತೆ. ಪ್ರತಿ ವಿಡಿಯೊದ ಮೂಲೆಯಲ್ಲೂ ಅತ್ತೆಯ ಹೆಬ್ಬೆರಳು ಇರುತ್ತದೆ. ಅದೇ ಅವರ ಸಹಿ ಎಂದುಕೊಂಡರಾಯಿತು.

ಹಗಲಲ್ಲಿ ಗೆರೆಯಕ್ಕನದು ರಸ್ತೆಗೆ ಬಿಳಿ ಪಟ್ಟೆ ಬಳಿಯುವ ಕೂಲಿ, ಹದಿನಾರು ವರ್ಷದಿಂದ. ಬೆಳಗಿನ ಕೆಲಸ ತಮ್ಮನಿಗಾಗಿ. ಸೈಕಲ್ ಕದ್ದನೆಂದು ಒಳಗೆ ಹಾಕಿದ ತಮ್ಮನ ವಿಚಾರಣೆ ಮೂರು ವರ್ಷವಾದರೂ ಶುರುವಾಗಿಲ್ಲ. "ಸೈಕಲ್ ಸಿಕ್ಕಿ ಎರಡು ವರ್ಷ ಆಯ್ತು. ಅದರ ಯಜಮಾನ ಆರಾಮಾಗಿ ತುಳ್ಕೊಂಡು ಓಡಾಡ್ತಾನೆ. ನನ್ ತಮ್ಮ ಮಾತ್ರ ಇನ್ನೂ ಸಿಕ್ಕಿಲ್ಲ." ನೂರು ಜನರ ಜೈಲಿನಲ್ಲಿ ಈಗ ಮುನ್ನೂರ ಎಂಬತ್ತು ಮಂದಿ. ಒಬ್ಬೊಬ್ಬರಿಗೆ ಮಲಗಲು ಸಿಗುವ ಜಾಗವನ್ನೇ ಗೆರೆಯಕ್ಕ ಅಳತೆ ತಪ್ಪದೆ ರಸ್ತೆಗಿಳಿಸುತ್ತಾರೆ.

ಮೊದಮೊದಲು ಗೋಡೆಗಳ ಮೇಲೆ ಸರಳು, ಸರಪಳಿ, ಕಣ್ಣೀರು ಬರೆದು ವಿಡಿಯೊ ಹಾಕಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಒಟ್ಟು ನೋಡಿದ್ದು ಹನ್ನೊಂದು ಸಲ. "ಅದ್ರಲ್ಲಿ ಏಳು ಸಲ ನಮ್ಮತ್ತೇನೇ ನೋಡಿದ್ದು."

ಕಳೆದ ತಿಂಗಳು ಮೊದಲ ಬಾರಿ ರಸ್ತೆಯಲ್ಲಿ ಅರವತ್ತು ಚೌಕಟ್ಟು ಎಳೆದು, ಚಹಾ ಕುಡಿದು ಬರುವಷ್ಟರಲ್ಲಿ ಎಡವಟ್ಟಾಯಿತು. ಹದಿನಾರು ವರ್ಷ ಪಳಗಿದ ಕೈ. ಗೆರೆ ನೇರವಾಗಿದ್ದೇ ತಪ್ಪಾಯಿತು. ವಾಹನ ನಿಲ್ಲಿಸುವ ಜಾಗವೆಂದು ನಂಬಿ ಜನ ಸಾಲಾಗಿ ಸ್ಕೂಟರ್ ನಿಲ್ಲಿಸಿಬಿಟ್ಟಿದ್ದರು. ಪೊಲೀಸಪ್ಪನೂ ಅಳಿಸುವುದು ಬಿಟ್ಟು "ಗೆರೆ ಒಳಗೆ ಹಾಕ್ರಿ" ಎಂದು ಸೀಟಿ ಊದುತ್ತಿದ್ದ. ವಕೀಲರೊಬ್ಬರು ಜಗಳಕ್ಕೇ ನಿಂತರು. "ಒಂದೂವರೆ ಅಡೀಲಿ ಸ್ಕೂಟರ್ ಹೇಗ್ರೀ ಹಿಡಿಸುತ್ತೆ? ಗೆರೆ ಹಾಕಿದೋರಿಗೆ ಬುದ್ಧಿ ಬೇಡ್ವಾ?"

"ಅದು ಸ್ಕೂಟರಿಗಲ್ಲ ಸಾರ್. ಜೈಲಲ್ಲಿ ಒಬ್ಬ ಮನುಷ್ಯ ಮಲಗೋ ಜಾಗ," ಎಂದರು ಗೆರೆಯಕ್ಕ.

ವಕೀಲರು ಸ್ಕೂಟರನ್ನು ಮೆಲ್ಲಗೆ ಗೆರೆಯಾಚೆ ತಳ್ಳಿಕೊಂಡು ಹೋದರು. ಅತ್ತೆ ತೆಗೆದ ಆ ವಿಡಿಯೊವನ್ನು ಆರು ಲಕ್ಷ ಜನ ನೋಡಿದ್ದಾರೆ. ನಾನೂ ನೋಡಿ ಬಿದ್ದುಬಿದ್ದು ನಕ್ಕೆ, ಆಮೇಲೆ ನಾಚಿಕೆಯಾಯಿತು. ಅದೇ ವಕೀಲರು ಈಗ ತಮ್ಮನ ಕಡತ ಹುಡುಕಿ ತೆಗೆಸಿದ್ದಾರೆ. ಮಂಗಳವಾರ ಜಾಮೀನಿನ ವಿಚಾರಣೆ.

ತಮ್ಮ ಬಂದರೆ ಏನಾಸೆ ಎಂದು ಕೇಳಿದೆ. "ಒಳಗೆ ಒಬ್ಬ ಮಗ್ಗುಲಾದ್ರೆ ಸಾಲಿಗೆ ಸಾಲೇ ಮಗ್ಗುಲಾಗ್ಬೇಕಂತೆ. ಚಿಕ್ಕೋನಿದ್ದಾಗ ಕೋಣೆ ತುಂಬ ಉರುಳಾಡಿ ನನ್ನ ಒದೀತಿದ್ದ. ನಾನು ಗೋಡೆಗೆ ಅಂಟ್ಕೊಂಡು ಮಲಗ್ತಿದ್ದೆ," ಎನ್ನುತ್ತಾ ಗೆರೆಯಕ್ಕ ಸುಣ್ಣದ ಬಕೆಟ್ ಎತ್ತಿಕೊಳ್ಳುತ್ತಾರೆ. "ಬರ್ಲಿ. ಬಂದು ಇನ್ನೊಂದ್ಸಲ ಒದೀಲಿ."