ತಾರಸಿಯಿಂದ ಕಡಲು ಕಲಿತವಳು

ಸಮುದ್ರದ ಎದುರೇ ನಾಲ್ಕು ಕೋಣೆಗಳ ಲಾಡ್ಜು ನಡೆಸುವ ನನ್ನ ಚಿಕ್ಕಮ್ಮನಿಗೆ ಈಜು ಬರುತ್ತಿರಲಿಲ್ಲ. ಕೆರೆಯನ್ನೂ ಕಾಣದ ಊರಿನಿಂದ ಮದುವೆಯಾಗಿ ಬಂದವಳು. ಅಲೆ ಪಾದ ಮುಟ್ಟಿದರೆ ಸಾಕು, ಚಿಕ್ಕಪ್ಪನ ತೋಳು ಹಿಡಿಯುತ್ತಿದ್ದಳು. ಆದರೆ ಮೂವತ್ತು ವರ್ಷ ತಾರಸಿಯಲ್ಲಿ ಬೆಡ್‌ಶೀಟು ಒಣಹಾಕುತ್ತ, ಕಡಲನ್ನು ಮೇಲಿನಿಂದ ನೋಡಿ ನೋಡಿ ಅದರ ಬುದ್ಧಿ ಅರಿತಿದ್ದಳು. ಅಲೆ ಒಡೆಯದೆ ನೀರು ಕಪ್ಪಗೆ, ಸಾಧುವಾಗಿ ಕಾಣುವ ಪಟ್ಟಿಯೇ ಮನುಷ್ಯರನ್ನು ಎಳೆದೊಯ್ಯುವ ಜಾಗ. ಕೋಣೆಯ ಬೀಗದ ಕೈ ಕೊಡುವಾಗಲೇ ಎಲ್ಲರಿಗೂ ಅದನ್ನು ಹೇಳುವಳು. ಬಂದವರು ತಲೆಯಾಡಿಸಿ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳುವರು.

ಹಾಗೆ ತಲೆಯಾಡಿಸಿದವರಲ್ಲಿ ಒಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು. ಈಜುಕೊಳದಲ್ಲಿ ಪದಕ ಗೆದ್ದವರು. ಮರುದಿನ ಬೆಳಗ್ಗೆ ಎಲ್ಲ ಬಿಟ್ಟು ಆ ಪಟ್ಟಿಗೇ ಇಳಿದರು. ತಾರಸಿಯಲ್ಲಿದ್ದ ಚಿಕ್ಕಮ್ಮ ನೋಡುತ್ತಿದ್ದಂತೆಯೇ ಅವರ ತಲೆ ಚಿಕ್ಕದಾಗುತ್ತ ಹೋಯಿತು. ಜೀವರಕ್ಷಕನನ್ನು ಕರೆತರಲು ಚಿಕ್ಕಪ್ಪನನ್ನು ಅಟ್ಟಿ, ಕೈಯಲ್ಲಿದ್ದ ಒದ್ದೆ ಬೆಡ್‌ಶೀಟಿನ ಸಮೇತ ದಡಕ್ಕೆ ಓಡಿದಳು.

"ಮೇಷ್ಟ್ರೇ, ದಡಕ್ಕೆ ಬರ್ಬೇಡಿ!"

ಮರಳಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಬೆಚ್ಚಿಬಿದ್ದರು. "ಏನಮ್ಮಾ, ತಲೆ ಕೆಟ್ಟಿದ್ಯಾ ನಿಮಗೆ? ಬರ್ಬೇಡಿ ಅಂತೀರಲ್ಲ!"

"ನೇರ ಬರೋಕೆ ಹೋದ್ರೆ ಸುಸ್ತಾಗಿ ಮುಳುಗ್ತಾರೆ ಕಣಮ್ಮ. ಪಕ್ಕಕ್ಕೆ ಹೋಗ್ಬೇಕು. ನೀವೂ ಕೂಗಿ!"

ಗಾಳಿಗೆ ಮಾತು ತಲುಪಲಿಲ್ಲ. ಚಿಕ್ಕಮ್ಮ ಬೆಡ್‌ಶೀಟನ್ನು ತಲೆಯ ಮೇಲೆ ಬೀಸುತ್ತ ದಡದುದ್ದಕ್ಕೂ ಬಲಕ್ಕೆ ಓಡಿದಳು. ವಾಪಸು ಬಂದು ಮತ್ತೆ ಅದೇ ದಿಕ್ಕಿಗೆ ಓಡಿದಳು. ಮೂರನೇ ಸಲಕ್ಕೆ ಮೇಷ್ಟ್ರಿಗೆ ಹೊಳೆಯಿತು. ಎದುರೀಜು ಬಿಟ್ಟು ಅವಳ ಜೊತೆಜೊತೆಗೇ ಪಕ್ಕಕ್ಕೆ ಈಜಿದರು. ಅಲೆ ಒಡೆಯುವ ಕಡೆ ಸೇರಿದ್ದೇ ತಡ, ಆ ಅಲೆಗಳೇ ಅವರನ್ನು ದೂಡಿಕೊಂಡು ಬಂದವು. ಸೊಂಟಮಟ್ಟದ ನೀರಿಗೆ ಬಂದಾಗ ಜೀವರಕ್ಷಕ ಹಿಡಿದೆಳೆದುಕೊಂಡ.

ಉಸಿರು ಮರಳಿದ ಮೇಲೆ ಮೇಷ್ಟ್ರು ಕೇಳಿದರು: "ಅಮ್ಮಾ, ನೀವು ಎಷ್ಟು ವರ್ಷದಿಂದ ಈಜ್ತೀರಿ?"

"ನನಗೆಲ್ಲಿ ಬರುತ್ತೆ ಈಜು!"

ಎರಡು ದಿನಕ್ಕೆಂದು ಬಂದವರು ವಾರವಿಡೀ ಉಳಿದರು. ಬಂಡೆಗಳ ಮರೆಯ ಮೊಣಕಾಲುದ್ದದ ನೀರಿನಲ್ಲಿ ಮೇಷ್ಟ್ರು ಈಜಿನ ಪಾಠ ಹೇಳಿದರು, ಅವರ ಹೆಂಡತಿ ಚಿಕ್ಕಮ್ಮನ ಬೆನ್ನಡಿ ಕೈಯಿಟ್ಟು ಹಿಡಿದರು. ಚಿಕ್ಕಪ್ಪ ಟವೆಲ್ ಹಿಡಿದು ಪಕ್ಕದಲ್ಲೇ ನಿಂತು, "ಮೈ ಬಿಗಿ ಮಾಡ್ಬೇಡ ಕಣೇ" ಎನ್ನುತ್ತಿದ್ದ.

"ನೀವು ಸುಮ್ನಿರಿ. ನೀವು ಮಾತಾಡಿದ್ರೆ ಮುಳುಗ್ತೀನಿ."

ಐದನೇ ದಿನ, ಕಿವಿ ನೀರಿಗಿಟ್ಟು, ಯಾರ ಕೈಯ ಆಸರೆಯೂ ಇಲ್ಲದೆ, ಚಿಕ್ಕಮ್ಮ ಆಕಾಶ ನೋಡುತ್ತ ತೇಲಿದಳು. ಎದ್ದು ಬಂದು ತಲೆ ಒರೆಸಿಕೊಳ್ಳುತ್ತ ಚಿಕ್ಕಪ್ಪನಿಗೆ ಮೆಲ್ಲಗೆ ಹೇಳಿದಳು:

"ರೀ, ನಮ್ಮ ಲಾಡ್ಜಿನ ಹಾಸಿಗೆಗಿಂತ ಇದೇ ಮೆತ್ತಗಿದೆ."