ಹಾಲುಕ್ಕದ ಮನೆ

ಪಾಲಕೋಡಿನ ಪಾಳು ಸತ್ರದ ಮುಂದೆ ಅಂಕಮ್ಮ ನಿಂತು ಬೈಯುತ್ತಿದ್ದಾಳೆ ಎಂದರೆ ಅಂದು ಯಾರಿಗೋ ಒಳ್ಳೆಯದಾಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಸ್ಕೂಲಿನಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವುದು ಆಕೆಯ ಕೆಲಸ. ಗಂಡ ತೀರಿಕೊಂಡ ಮೇಲೆ ಕಂಬೈನಲ್ಲೂರಿನಿಂದ ತವರಿಗೆ ಬಂದು, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದವಳು. ಮಾದಪ್ಪನ ಪಟಕ್ಕೆ ದೀಪ ಹಚ್ಚದೆ ಹನಿ ನೀರು ಬಾಯಿಗೆ ಹಾಕಳು. ಆದರೆ ದೀಪ ಹಚ್ಚುವಾಗಲೂ ದೇವರೊಡನೆ ಜಗಳವೇ. "ನಿಂಗೇನಪ್ಪ, ಬೆಟ್ಟದ ಮ್ಯಾಲೆ ಕುಂತಿದ್ದೀಯ," ಎಂದು ಶುರುಮಾಡುತ್ತಿದ್ದಳು.

ಕೆರೆ ಏರಿಯ ಮೇಲಿದ್ದ ಗುಡಿಸಲುಗಳನ್ನು ಕಿತ್ತುಹಾಕಿದಾಗ, ಬೀದಿಗೆ ಬಿದ್ದ ಕಬ್ಬು ಕಡಿಯುವ ಸಂಸಾರಗಳನ್ನು ಸತ್ರದೊಳಗೆ ಸೇರಿಸಿದವಳು ಅವಳೇ. ಹಳೇ ಸೀರೆ ಅಡ್ಡ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ಮೂಲೆ. ವಿಳಾಸ ಇಲ್ಲದವರಿಗೆ ರೇಷನ್ ಕಾರ್ಡ್ ಕೊಡುವುದಿಲ್ಲ ಎಂದರು. ಸತ್ರವೇ ವಿಳಾಸ ಎಂದು ಆಫೀಸಿನ ಜಗಲಿಯಲ್ಲಿ ಕೂತು ಕೊಡಿಸಿದಳು. ಮಕ್ಕಳನ್ನು ಸ್ಕೂಲಿಗೆ ಸೇರಿಸಿಕೊಳ್ಳುವುದಿಲ್ಲ ಎಂದರು. ತನ್ನ ಅಡುಗೆಯ ಸಾಲಿನಲ್ಲೇ ತಟ್ಟೆ ಹಿಡಿಸಿ ಕೂರಿಸಿದಳು. ತಟ್ಟೆ ಮುಂದೆ ಕೂತ ಮಗುವನ್ನು ಎಬ್ಬಿಸಲು ಯಾವ ಮೇಷ್ಟ್ರಿಗೂ ಕೈ ಬರಲಿಲ್ಲ.

ಕೊನೆಗೆ ಊರಾಚೆ ಗುಡ್ಡದ ಕೆಳಗೆ ಒಂದು ಸಾಲು ಸರ್ಕಾರಿ ಮನೆ ಮಂಜೂರಾಯಿತು. ಒಂದೇ ಗೋಡೆಗೆ ಅಂಟಿಕೊಂಡ ಪುಟ್ಟ ಪುಟ್ಟ ಮನೆಗಳು. ಬಾಗಿಲು ಕೂರಿಸುವುದು ತಡವಾಗುತ್ತ ಹೋಯಿತು. ಬೀಗದ ಕೈ ಕೊಡುವುದು ಆಡಿ, ಅಂದರೆ ಆಷಾಢದ ತಿಂಗಳಿನಲ್ಲಿ ಎಂದು ತಿಳಿದಾಗ ಅಂಕಮ್ಮ ತಲೆಯ ಮೇಲೆ ಕೈ ಹೊತ್ತಳು. ಆಡಿಯಲ್ಲಿ ಹೊಸ ಮನೆ ಹೊಗುವವರು ಯಾರು?

"ಆಡಿ ಉಟ್ಟೋಕೆ ಮುಂಚೆ ಆಲು ಉಕ್ಕಿಸಿಬಿಡಿ ಕಣ್ರಮ್ಮಾ," ಎಂದು ಎಲ್ಲರನ್ನೂ ಹೊರಡಿಸಿದಳು. "ಆಲು ಉಕ್ಕಿದ್ರೆ ಮನೆ ಒಕ್ಕಂಗೇಯ. ಸಾಮಾನು ಆಮ್ಯಾಕೆ ಓದ್ರೂ ದೋಷ ಇಲ್ಲ."

ಬಾಗಿಲಿಲ್ಲದ ಮನೆಗಳಲ್ಲಿ ಮೂರು ಕಲ್ಲು ಹೂಡಿ ಹಾಲು ಉಕ್ಕಿಸಿದರು. ಯಾರಿಗೆ ಯಾವ ಮನೆ ಎಂದು ಇನ್ನೂ ಗೊತ್ತಿರಲಿಲ್ಲ. ಅವರವರ ಕಣ್ಣಿಗೆ ಹಿಡಿದದ್ದಕ್ಕೆ ನುಗ್ಗಿದರು. ಬೇವಿನ ಮರದ ಪಕ್ಕದ ಕೊನೆಯ ಮನೆಗೆ ಗೋವಿಂದಮ್ಮನೂ ಪುಷ್ಪಾಳೂ ಇಬ್ಬರೂ ನುಗ್ಗಿ, ಒಂದೇ ಕೋಣೆಯಲ್ಲಿ ಎರಡು ಒಲೆ ಹೂಡಿದರು. ಅಂಕಮ್ಮ ಆಗಲೇ ಎಣಿಸಿ ನೋಡಬೇಕಿತ್ತು. ಅವಳು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಿದ್ದಳು.

ಆಡಿ ಹುಟ್ಟಿತು. ಚೀಟಿ ಎತ್ತಿದರು. ಬೇವಿನ ಪಕ್ಕದ ಮನೆ ಪುಷ್ಪಾಳಿಗೆ ಬಂತು. ಗೋವಿಂದಮ್ಮನಿಗೆ ಬಂದದ್ದು ಸಾಲಿನ ಮೊದಲನೆಯದು, ಯಾರ ಹಾಲೂ ಉಕ್ಕದೆ ಉಳಿದದ್ದು. ಮಿಕ್ಕವರೆಲ್ಲ "ಸಾಲಲ್ಲಿ ಎಲ್ಲೋ ಒಂದ್ಕಡೆ ಉಕ್ಕೈತಲ್ಲ, ಯಾರ್ದಾದ್ರೇನು" ಎಂದು ತಮ್ಮ ತಮ್ಮ ಪಾಲಿಗೆ ಬಂದ ಮನೆಗೆ ಗಂಟು ಹೊತ್ತುಕೊಂಡು ಹೋದರು. ಗೋವಿಂದಮ್ಮ ಮಾತ್ರ ಗಂಡ ಮಾದೇಶನ ಕೈಲಿದ್ದ ಗಂಟನ್ನೂ ಕಿತ್ತುಕೊಂಡು ಸತ್ರದ ಮೂಲೆಯಲ್ಲೇ ಕೂತಳು.

"ಆಲು ಉಕ್ಕದ ಮನೆಗೆ ನಾನು ಕಾಲಿಡಕ್ಕಿಲ್ಲ ಅಕ್ಕಾ. ಆಡಿ ಕಳ್ದು ಆವಣಿ ಬರ್ಲಿ."

"ಆವಣಿ ಗಂಟ ಆರ್.ಐ. ಕಾಯ್ತಾನೇನೇ? ಮನೇಲಿ ಯಾರವ್ರೆ ಅಂತ ನೋಡಕ್ಕೆ ಸೋಮವಾರ ಬತ್ತಾನೆ. ಒಲೆ ಉರೀದಿದ್ರೆ ಬೇರೆಯವರ್ಗೆ ಬರ್ದು ಕೊಡ್ತಾನೆ!"

"ಕೊಡ್ಲಿ."

ಆ ಒಂದು ಮಾತಿಗೆ ಅಂಕಮ್ಮನ ಮೈ ಉರಿದುಹೋಯಿತು. ತಾಲೂಕು ಆಫೀಸಿಗೆ ಹೋಗಿ ರೆವಿನ್ಯೂ ಇನ್ಸ್‌ಪೆಕ್ಟರ್, ಆ ಆರ್.ಐ. ನಾಗರಾಜನ್ನನ್ನು ಕೇಳಿದಳು. ಒಂದು ತಿಂಗಳು ತಡೆಯಲು ತನಗೆ ಅಧಿಕಾರವಿಲ್ಲ ಎಂದ ಆತ. ಪೂಜಾರಿ ಮುನಿವೆಂಕಟಪ್ಪನನ್ನು ಕೇಳಿದಳು. ಆಡಿಯಲ್ಲಿ ಹಾಲು ಉಕ್ಕಿಸಲು ತನಗೂ ಅಧಿಕಾರವಿಲ್ಲ ಎಂದ ಆತ. ಬಿಸಿಲಲ್ಲಿ ವಾಪಸು ಬರುತ್ತ, "ಅಧಿಕಾರ ಇರೋನು ಒಬ್ನೂ ಇಲ್ವೇನೋ ಮಾದಪ್ಪಾ ಈ ಜಿಲ್ಲೇಲಿ?" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಸತ್ರಕ್ಕೆ ಬಂದವಳೇ ಗೋವಿಂದಮ್ಮನ ಮುಂದೆ ಕೂತು ಕೂಗಿದಳು. "ಬೀದೀಲಿ ಒಲೆ ಹೂಡಿದಾಗ ಯಾವ ತಿಂಗ್ಳು ನೋಡ್ದೆ? ಕೆರೆ ಏರಿ ಗುಡಿಸ್ಲಿಗೆ ಓದಾಗ ಯಾವ ಪಂಚಾಂಗ ನೋಡ್ದೆ?"

"ಆಡೀಲೇ ಓದ್ವಿ," ಎಂದಳು ಗೋವಿಂದಮ್ಮ ಮೆಲ್ಲಗೆ. "ಮಳೆ ಬಂತು, ಜಾಗ ಇರ್ಲಿಲ್ಲ, ಓದ್ವಿ. ಆ ಗುಡಿಸ್ಲಲ್ಲೇ ನನ್ನ ಎಣ್ಣುಮಗು ಜ್ವರ ಬಂದು ಓಯ್ತು. ನಿಮ್ಗೆ ಯಾರೂ ಹೇಳಿಲ್ವಾ?"

ಯಾರೂ ಹೇಳಿರಲಿಲ್ಲ. ಇಷ್ಟು ಕಾಲ ಕಾರ್ಡು, ಸ್ಕೂಲು, ಮನೆ ಪಟ್ಟಾ ಎಂದು ಓಡಾಡಿದ ಅಂಕಮ್ಮ ಕೇಳಿಯೂ ಇರಲಿಲ್ಲ. ಅಡ್ಡ ಕಟ್ಟಿದ ಸೀರೆಯ ಸಡಿಲ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತ ಯೋಚಿಸಿದಳು. ಮೊದಲು ಹೊಕ್ಕವರಿಗೆ ತಾನೇ ದೋಷ? ಹಾಗಾದರೆ ಮೊದಲು ಹೊಗುವವರು ಬೇರೆ ಯಾರಾದರೂ ಇರಲಿ.

"ಆಡೀಲಿ ನೆಂಟರ ಮನೆಗೆ ಓಗಬೋದಲ್ವೇನೇ?"

"ಓಗಬೋದು. ಯಾಕೆ?"

"ಎದ್ದೇಳು. ನಾನು ಆ ಮನೆಗೆ ಓಗಿ ಒಲೆ ಹಚ್ತೀನಿ. ದೋಷ ಬಂದ್ರೆ ನನ್ಗೆ ಬರ್ಲಿ, ಕಳ್ಕೊಳ್ಳೋಕೆ ನನ್ಹತ್ರ ಏನೈತೆ? ನೀನು ನೆಂಟಳಾಗಿ ಬಾ. ಆವಣೀಲಿ ನಾನು ಒರಡ್ತೀನಿ, ನೀನು ಆಲು ಉಕ್ಕಿಸ್ಕೋ."

ಗೋವಿಂದಮ್ಮ ಮಾದೇಶನ ಮುಖ ನೋಡಿದಳು. ಅವನು ಆಗಲೇ ಗಂಟು ಎತ್ತಿಕೊಂಡಿದ್ದ. "ನೆಂಟರ್ನ ಬಾಗ್ಲಲ್ಲಿ ಕರೀಬೇಕು," ಎಂದಳು ಅವಳು. "ಸುಮ್ನೆ ಬರಕ್ಕಾಗಲ್ಲ."

ಅಣ್ಣನ ಮನೆಯಿಂದ ಚಾಪೆ, ಪಾತ್ರೆ, ಮಾದಪ್ಪನ ಪಟ ಹೊತ್ತು ಅಂಕಮ್ಮ ಮೊದಲನೆಯ ಮನೆಗೆ ಕಾಲಿಟ್ಟಳು. ಹೊಸ್ತಿಲಲ್ಲಿ ಪಟವನ್ನು ಕಣ್ಣಿಗೊತ್ತಿಕೊಂಡಳು; ಅವಳೂ ಆಡಿಯನ್ನು ನಂಬಿದವಳೇ. ಒಲೆ ಹಚ್ಚಿ, ಬಾಗಿಲಿಗೆ ಬಂದು, ಹಲ್ಲು ಕಚ್ಚಿಕೊಂಡು, "ಬನ್ನಿ, ನೆಂಟರೇ," ಎಂದಳು. ಸಾಲಿನ ಮನೆಯವರೆಲ್ಲ ಹೊರಗೆ ಬಂದು ನಕ್ಕರು.

ಸೋಮವಾರ ಬೆಳಿಗ್ಗೆಯೇ ನಾಗರಾಜನ್ ಬಂದ. ಒಲೆ ಮುಂದೆ ಅಂಕಮ್ಮ ಕೂತಿದ್ದಳು. ಚಾಪೆಯ ಮೇಲೆ ಗೋವಿಂದಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಎನ್ನಮ್ಮಾ, ಯಾರ್ ವೀಡು ಇದು?" ಯಾರ ಮನೆ ಎಂದು ತಮಿಳಿನಲ್ಲೇ ಕೇಳಿದ.

ಅಂಕಮ್ಮನ ಕೈಯ ಸೌಟು ನಿಂತಿತು. ಗೋವಿಂದಮ್ಮ ನನ್ನದು ಎಂದರೆ ಆಡಿಯಲ್ಲಿ ಮನೆ ಹೊಕ್ಕಂತೆ. ಅಕ್ಕನದು ಎಂದರೆ ಮನೆಯೇ ಹೋದಂತೆ. ಗೋವಿಂದಮ್ಮ ಎಲೆಯ ತೊಟ್ಟು ಮುರಿದು ಎಸೆದಳು, ಆಮೇಲೆ ತಲೆಯೆತ್ತಿದಳು.

"ಪಟ್ಟಾ ನಂದು ಸಾರ್. ಒಲೆ ಅವರ್ದು. ಆಡಿ ಅಲ್ವಾ?"

ನಾಗರಾಜನ್ ಒಲೆ ನೋಡಿದ, ಎಲೆ ಅಡಿಕೆಯ ತಟ್ಟೆ ನೋಡಿದ. ಅವನ ಮನೆಯಲ್ಲೂ ಹೊಸ ಸೊಸೆಯನ್ನು ಆಡಿಗೆಂದು ತವರಿಗೆ ಕಳಿಸಿದ್ದರು. "ಒಲೆ ಉರೀತೈತೆ ತಾನೇ?" ಎಂದು ತನ್ನ ಮುರುಕು ಕನ್ನಡದಲ್ಲಿ ಕೇಳಿ, ಬರೆದುಕೊಂಡು, ಪಕ್ಕದ ಮನೆಗೆ ನಡೆದ.

ಅಂಕಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು.

ಅಂದು ರಾತ್ರಿ ಊಟ ಬಡಿಸಿದಾಗ ಗೋವಿಂದಮ್ಮ ಒಂದು ತುತ್ತು ತಿಂದು ತಡೆದಳು. "ಅಕ್ಕಾ, ಉಪ್ಪು ಕಮ್ಮಿ."

"ತಿನ್ನೇ ಸುಮ್ನೆ! ತಿಂದು ಪಾತ್ರೆ ತೊಳಿ."

"ನೆಂಟರು ಪಾತ್ರೆ ತೊಳೀತಾರಾ ಅಕ್ಕಾ?" ಎಂದಳು ಗೋವಿಂದಮ್ಮ, ಬಹಳ ದಿನಗಳ ಮೇಲೆ ನಗುತ್ತ. ಆವಣಿ ಇನ್ನೂ ದೂರ ಇತ್ತು. ಅಂಕಮ್ಮ ಪಾತ್ರೆಗಳನ್ನು ಬಾಚಿಕೊಂಡು, ಆಡಿಯನ್ನೂ ಆಫೀಸನ್ನೂ ಮಾದಪ್ಪನನ್ನೂ ಒಟ್ಟಿಗೇ ಬೈಯುತ್ತ ಕೊಳಾಯಿಯ ಕಡೆ ನಡೆದಳು.