ಕೂಜದ ಮುಚ್ಚಳ

ನನ್ನ ಟ್ರಂಕಿನ ತಳದಲ್ಲಿ, ಹಳೆಯ ಲಂಗವೊಂದರ ಮಡಿಕೆಯೊಳಗೆ, ಹದಿನೇಳು ವರ್ಷ ಒಂದು ಹಿತ್ತಾಳೆಯ ಮುಚ್ಚಳವಿತ್ತು. ರೈಲಿನಲ್ಲಿ ದೂರ ಹೋಗುವವರು ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದ, ತಿರುಗಿಸಿ ಮುಚ್ಚುವ ಕೂಜವನ್ನು ನೀವೂ ನೋಡಿರುತ್ತೀರಿ. ಅದರದೇ ಮುಚ್ಚಳ. ಮಗುಚಿ ಹಿಡಿದರೆ ಪುಟ್ಟ ಬಟ್ಟಲಾಗುತ್ತಿತ್ತು. ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ನೆಗ್ಗು. ನನ್ನ ತಂಗಿ ಚಿನ್ನಿ ನಾಲ್ಕು ವರ್ಷದವಳಿದ್ದಾಗ ಆ ಬಟ್ಟಲಲ್ಲಿ ಕೊಟ್ಟರೆ ಮಾತ್ರ ನೀರು ಕುಡಿಯುತ್ತಿದ್ದಳು.

ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಹಾಸನದಿಂದ ವಿಶಾಖಪಟ್ಟಣಕ್ಕೆ ಬಂದು ನೆಲೆ ಕಂಡುಕೊಳ್ಳುವಷ್ಟರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಎಂಬತ್ತರ ದಶಕದ ಆರಂಭ; ನನಗಾಗ ಹನ್ನೊಂದು. ಹೊರಡುವ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ, ಕೊಡಗಳೆಲ್ಲ ಲಾರಿಯೇರಿದ್ದವು, ಹಾಗಾಗಿ ಅಜ್ಜಿ ಅಮ್ಮನಿಗೆ ಮದುವೆಯಲ್ಲಿ ಕೊಟ್ಟಿದ್ದ ಕೂಜ ಬರಿದಾಗಿಯೇ ರೈಲು ಹತ್ತಿತು. ಅನಕಾಪಲ್ಲಿಯಲ್ಲಿ ರೈಲು ನಿಂತಾಗ ಅಪ್ಪ ಸಾಮಾನು ಕಾಯುತ್ತ ಕೂತು, ನೀರು ತರಲು ನನ್ನನ್ನು ಇಳಿಸಿದರು. ಚಿನ್ನಿ ನನ್ನ ಹಿಂದೆಯೇ ಬಾಗಿಲವರೆಗೆ ಬಂದು ನಿಂತಳು.

ನಲ್ಲಿಯಲ್ಲಿ ನೀರು ದಾರದ ಎಳೆಯಂತೆ ಬೀಳುತ್ತಿತ್ತು. ಕೂಜವನ್ನು ಅದರ ಕೆಳಗಿಟ್ಟು, ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಪಕ್ಕದಲ್ಲೇ ಒಬ್ಬಾಕೆ ಬುಟ್ಟಿಯಲ್ಲಿ ಬೆಲ್ಲ ಇಟ್ಟುಕೊಂಡು ಅಚ್ಚು ಒಡೆಯುತ್ತಿದ್ದಳು. ನನ್ನ ಮುಖ ನೋಡಿ, ಸಿಡಿದ ಚೂರೊಂದನ್ನು ನಗುತ್ತ ಕೈಗಿಟ್ಟಳು. ಬಾಯಿಗೆ ಹಾಕಿಕೊಂಡೆ. ಆ ಬೆಲ್ಲದ ರುಚಿ ಇವತ್ತಿಗೂ ನನ್ನ ನಾಲಿಗೆ ಬಿಟ್ಟಿಲ್ಲ. ರೈಲು ಕೂಗಿದ್ದೇ ಓಡಿ ಹತ್ತಿದೆ. ಬೋಗಿಯೊಳಗೆ ಬಂದ ಮೇಲೆ ನೋಡಿದರೆ ಮುಷ್ಟಿಯಲ್ಲಿ ಮುಚ್ಚಳವೊಂದೇ ಇತ್ತು.

“ಕೂಜ ಎಲ್ಲೇ?” ಅಂದರು ಅಮ್ಮ.

ಮುಷ್ಟಿಯನ್ನು ಲಂಗದ ನೆರಿಗೆಯಲ್ಲಿ ಮರೆಸಿದೆ. “ಹತ್ತುವಾಗ ಚಿನ್ನಿ ಕೈಗೆ ಕೊಟ್ಟೆ. ಬಿಟ್ಬಿಟ್ಲು. ಹಳಿ ಮೇಲೆ ಬಿತ್ತು.”

ಚಿನ್ನಿ ಬಾಯಿ ತೆರೆದು ನನ್ನನ್ನೇ ನೋಡಿದಳು, ಆಮೇಲೆ ಅತ್ತಳು. ಅಮ್ಮ ಹೊಡೆಯಲಿಲ್ಲ. ಅವಳ ಎರಡು ಅಂಗೈಗಳನ್ನೂ ಬಿಡಿಸಿ ನೋಡಿ, “ಈ ಕೈಯಲ್ಲಿ ಏನೂ ನಿಲ್ಲಲ್ವಲ್ಲೇ” ಅಂದರು, ಅಷ್ಟೇ. ಹೊಡೆದಿದ್ದರೆ ಸಂಜೆಯೊಳಗೆ ಮರೆತುಹೋಗುತ್ತಿತ್ತೇನೋ.

ಸುಳ್ಳು ಹೇಳಿದವಳು ನಾನು, ಅದನ್ನು ಸಾಕಿ ಬೆಳೆಸಿದವಳು ಚಿನ್ನಿ. ಶಾಲೆಗೆ ಹೋಗುವ ಹೊತ್ತಿಗೆ ಅವಳೇ ಅಕ್ಕಪಕ್ಕದವರಿಗೆ ಆ ಕಥೆಯನ್ನು ತೆಲುಗಿನಲ್ಲಿ ಹೇಳತೊಡಗಿದ್ದಳು. ಕೂಜ ಠಣ್ಣೆಂದು ಬಿದ್ದದ್ದು, ನೀರು ಕಾಲಿಗೆ ಸಿಡಿದದ್ದು, ಗಾಲಿಯ ಕೆಳಗೆ ಹಿತ್ತಾಳೆ ಮಿರುಗಿದ್ದು. ಇದೊಂದೂ ನಾನು ಹೇಳಿದ್ದಲ್ಲ. ನಾನು ಕೊಟ್ಟದ್ದು ಒಂದು ಎಳೆ. ಅವಳು ಸೀರೆಯನ್ನೇ ನೇಯ್ದು ಉಟ್ಟುಕೊಂಡಿದ್ದಳು. ಹಾಲಿನ ಲೋಟ ಹಿಡಿಯಳು, ಆರತಿ ತಟ್ಟೆ ಮುಟ್ಟಳು. “ನನ್ನ ಕೈಗೆ ಬೇಡಮ್ಮಾ” ಅನ್ನುವುದು ಅವಳ ಬಾಯಿಪಾಠವಾಯಿತು.

ವಿಜಯವಾಡದ ಶಾಲೆಯಲ್ಲಿ ತೆಲುಗು ಅಕ್ಷರ ನನ್ನ ಕೈ ಹಿಡಿಯಲಿಲ್ಲ; ಎಂಟನೆಯ ತರಗತಿಗೇ ಓದು ಮುಗಿಯಿತು. ಮುಂದೆ ಕಣ್ಣಿನ ಡಾಕ್ಟರಮ್ಮ ಒಬ್ಬರ ಬಳಿ ಕೆಲಸಕ್ಕೆ ಸೇರಿದೆ. ಬಂದವರನ್ನು ಬೆಂಚಿನಲ್ಲಿ ಸಾಲಾಗಿ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಪಾಪೆ ಅರಳುವ ಔಷಧಿ ಹಾಕಿ, ಅರಳಿತೇ ಎಂದು ಟಾರ್ಚು ಬಿಟ್ಟು ನೋಡುವುದು ನನ್ನ ಕೆಲಸ. ಒಂದು ದಿನ ಡಾಕ್ಟರಮ್ಮ ಹೇಳಿದರು: ಔಷಧಿಯಿಲ್ಲದೆಯೂ ಪಾಪೆ ಅರಳುತ್ತದಂತೆ, ಹಿಂದೆ ಕಂಡಿದ್ದು ಮತ್ತೆ ಕಂಡರೆ ಕೂದಲೆಳೆಯಷ್ಟು ಹಿಗ್ಗುತ್ತದಂತೆ, ಬಾಯಿ ಗುರುತು ಹೇಳುವ ಮೊದಲೇ ಕಣ್ಣು ಹೇಳುತ್ತದಂತೆ. “ಕಾಣದ್ದನ್ನು ಕಂಡೆ ಅಂತ ನಂಬಿಕೊಂಡವರದ್ದು?” ಎಂದು ಕೇಳಿದೆ. “ಅವರದ್ದೂ ಒಮ್ಮೊಮ್ಮೆ ಅರಳುತ್ತದೆ. ಬೆಳಕು ಕಡಿಮೆಯಾದರೂ ಅರಳುತ್ತದೆ, ಹೆದರಿದರೂ ಅರಳುತ್ತದೆ. ಅದನ್ನೇ ಸಾಕ್ಷಿ ಅಂತ ಹಿಡಿಯಬಾರದು” ಎಂದರು.

ಆದರೂ ಹಿಡಿದೆ. ಪಾತ್ರೆ ಅಂಗಡಿಯ ಮುಂದೆ ಚಿನ್ನಿಯನ್ನು ನಿಲ್ಲಿಸಿ, ಅಲ್ಲಿದ್ದ ಕೂಜವೊಂದನ್ನು ತೋರಿಸಿ, ಅವಳ ಕಣ್ಣನ್ನೇ ನೋಡಿದೆ. ಪಾಪೆ ಅರಳಿತು. ಅಮ್ಮನ ಕೂಜ ನೆನಪಾಗಿ ಅರಳಿತೋ, ಎಂದೂ ಬೀಳದ ಕೂಜ ಬಿದ್ದದ್ದು ನೆನಪಾಗಿ ಅರಳಿತೋ, ಹೇಗೆ ಹೇಳಲಿ? ಅನಕಾಪಲ್ಲಿಯನ್ನು ಬಿಟ್ಟಾಗಲೂ ಈ ಕಣ್ಣುಗಳು ಹೀಗೆಯೇ ನನ್ನನ್ನು ನೋಡಿದ್ದವು.

ಅವಳಿಗೆ ಭೀಮುನಿಪಟ್ಟಣದ ತೆಲುಗು ಮನೆಯೊಂದಕ್ಕೆ ಮದುವೆಯಾಯಿತು, ಮಗುವಾಯಿತು. ಮಗುವಿಗೆ ಸ್ನಾನ ಮಾಡಿಸುವುದಿರಲಿ, ಅದನ್ನು ಎತ್ತಿಕೊಂಡು ನಿಲ್ಲಲೂ ಹೆದರುತ್ತಾಳೆ, ನೆಲದ ಮೇಲೆ ಕೂತರಷ್ಟೇ ಮಡಿಲಿಗೆ ತೆಗೆದುಕೊಳ್ಳುತ್ತಾಳೆ ಎಂದು ಅವಳ ಅತ್ತೆ ಅಮ್ಮನ ಬಳಿ ಮೆಲ್ಲಗೆ ಹೇಳಿದರು.

ತಲೆನೋವೆಂದು ಅವಳು ನಮ್ಮ ಡಾಕ್ಟರಮ್ಮನಿಗೆ ತೋರಿಸಿಕೊಳ್ಳಲು ಬಂದಾಗ, ಟ್ರಂಕಿನಿಂದ ಮುಚ್ಚಳ ತೆಗೆದುಕೊಂಡೇ ಕೆಲಸಕ್ಕೆ ಹೋದೆ. ಔಷಧಿ ಹಾಕಿದೆ. “ಅಬ್ಬಾ, ನಿಂಬೆಹಣ್ಣು ಹಿಂಡ್ತಿದೀಯೇನೇ ಅಕ್ಕಾ?” ಎಂದಳು. ಅರ್ಧ ಗಂಟೆ ಕಾದೆ. ಈಗ ಪಾಪೆ ಪೂರಾ ಅರಳಿರುತ್ತದೆ, ಇನ್ನು ಅದು ಏನನ್ನೂ ಹೇಳಲಾರದು, ಎದುರಿನ ನನ್ನ ಮುಖವೂ ಅವಳಿಗೆ ಮಂಜುಮಂಜು. ನನ್ನ ಹೇಡಿತನ ನೋಡಿ, ತಪ್ಪೊಪ್ಪಿಕೊಳ್ಳಲೂ ಅಂಥ ಹೊತ್ತನ್ನೇ ಆರಿಸಿಕೊಂಡೆ. ಎಲ್ಲ ಹೇಳಿ, ಮುಚ್ಚಳವನ್ನು ಅವಳ ಅಂಗೈಯಲ್ಲಿಟ್ಟೆ.

ಕಣ್ಣಿಗೆ ಕಾಣದ್ದನ್ನು ಅವಳ ಬೆರಳು ಸುತ್ತ ತಡವಿತು. ಹೆಬ್ಬೆರಳು ನೆಗ್ಗಿನೊಳಗೆ ತಾನಾಗಿ ಹೋಗಿ ಕೂತಿತು. ಆಮೇಲೆ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಅಂದಳು:

“ನನ್ನ ಸಮಾಧಾನಕ್ಕೆ ಹೇಳ್ತಿದೀಯ ಕದಾ? ಬಿದ್ದಿದ್ದು ನಂಗೆ ಬಾಗಾ ನೆನಪಿದೆ ಅಕ್ಕಾ. ಠಣ್ ಅಂತು.”

“ಅನ್ನಲಿಲ್ಲ ಚಿನ್ನೀ.”

“ಸರಿ ಬಿಡು. ಇದು ನಂಗಿರ್ಲಿ.”

ಕೆಲವು ತಿಂಗಳ ಮೇಲೆ ಭೀಮುನಿಪಟ್ಟಣಕ್ಕೆ ಹೋದೆ. ಚಿನ್ನಿ ಬಾಗಿಲಲ್ಲೇ ನಿಂತಿದ್ದಳು, ಸೊಂಟದ ಮೇಲೆ ಮಗು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನೋಡಿದೆ. ಒಳಗೆ, ಮಗುವಿಗೆ ನೀರು ಕುಡಿಸುವ ಬಟ್ಟಲನ್ನು ನೋಡಿ ಪಕ್ಕದ ಮನೆಯಾಕೆ ಏನಿದು ಎಂದು ವಿಚಾರಿಸಿದರು. “ಕೂಜ ನನ್ನ ಕೈಯಿಂದ ಬಿದ್ದೋಯ್ತು. ಮುಚ್ಚಳ ಮಾತ್ರ ನಮ್ಮಕ್ಕ ಹಿಡ್ಕೊಂಡು ಉಳಿಸಿದ್ಲು, ನಂಗೋಸ್ಕರ” ಎಂದಳು. “ಸುಳ್ಳು, ನಾನೇ ಬಿಟ್ಟು ಬಂದದ್ದು” ಎಂದೆ. “ನಮ್ಮಕ್ಕ ಹೀಗೇ, ಎಲ್ಲಾ ತನ್ನ ಮೇಲೇ ಹಾಕ್ಕೋತಾಳೆ” ಎಂದಳು ಚಿನ್ನಿ. ಇಬ್ಬರೂ ನಕ್ಕರು.

ಅಷ್ಟರಲ್ಲಿ ಮಗು ಕೈಬೀಸಿತು. ಮುಚ್ಚಳ ಠಣ್ಣೆಂದು ನೆಲಕ್ಕೆ ಬಿತ್ತು. ಬೆಚ್ಚಿದವಳು ನಾನೊಬ್ಬಳೇ. ಚಿನ್ನಿ ಮಗುವನ್ನು ಸೊಂಟದಲ್ಲೇ ಇಟ್ಟುಕೊಂಡು ಬಾಗಿ, ಅದನ್ನೆತ್ತಿ, ತೊಳೆದು, ಮತ್ತೆ ನೀರು ಹುಯ್ದು ನನ್ನತ್ತ ನೀಡಿದಳು.

“ಹಿಡ್ಕೋ ಅಕ್ಕಾ. ಬೀಳಿಸ್ಬೇಡ.”

ಎರಡೂ ಕೈಯಲ್ಲಿ ಹಿಡಿದುಕೊಂಡೆ.